ಅ ಅಂದರೆ ‘ಯಾರು ನೀನು?’: ಲಾಗ್ ಕಡತದಲ್ಲಿ ಕಾಣದ ಅಕ್ಷರಗಳ ಕಥೆ

ಮಳೆಗಾಲದ ಒಂದು ರಾತ್ರಿ ನಮ್ಮ ತಾಲೂಕಿನ ಕೆರೆಯೊಂದರ ಏರಿ ಒಡೆಯಿತು. ಬೆಳಗಿನ ಐದಕ್ಕೇ ಬೈಕ್ ಹತ್ತಿ ಹೋದೆವು. ಫೋಟೊ ತೆಗೆದು, ಗದ್ದೆ ಕಳೆದುಕೊಂಡವರನ್ನು ಮಾತಾಡಿಸಿ, ಎಂಟು ಗಂಟೆಯ ಒಳಗೆ ಎಲ್ಲವನ್ನೂ ಪತ್ರಿಕೆಯ ಸರ್ವರಿಗೆ ಏರಿಸಿದೆವು. ಫೋಟೊಗೆ ಕನ್ನಡದಲ್ಲೇ ‘ಕೆರೆ’ ಎಂದು ಹೆಸರಿಟ್ಟಿದ್ದೆವು. ಮಧ್ಯಾಹ್ನ ಡೆಸ್ಕಿನಿಂದ ಫೋನ್ ಬಂತು. “ಫೋಟೊ ಎಲ್ರೀ?” “ಕಳಿಸಿದ್ದೀವಲ್ಲ ಸಾರ್.” ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಲಾಗ್ ಹುಡುಕಲು ಹೇಳಿದರು. ಅವನು ಹುಡುಕಿದ, ‘ಕೆರೆ’ ಎಂಬ ಹೆಸರಿನ ಒಂದು ಸಾಲೂ ಅದರಲ್ಲಿ ಇಲ್ಲ ಎಂದ. ಸುದ್ದಿ ಫೋಟೊ ಇಲ್ಲದೆ ಒಳಪುಟಕ್ಕೆ ಹೋಯಿತು.

ಸುದ್ದಿಗಿಷ್ಟು, ಫೋಟೊಗಿಷ್ಟು ಎಂದು ಎಣಿಸಿಕೊಳ್ಳುವ ನಮ್ಮಂಥ ಬಿಡಿ ಸುದ್ದಿಗಾರರಿಗೆ ದುಡ್ಡು ಹೋಗುವುದು ಹೊಸದಲ್ಲ. “ಕಳಿಸದೇನೇ ಕಳಿಸಿದೀವಿ ಅಂತಾರೆ” ಎಂಬ ಮಾತು ಮಾತ್ರ ಚುಚ್ಚಿತು. ಹಟ ಹಿಡಿದು ಆ ದಿನದ ಲಾಗ್ ಕೇಳಿದೆವು. ಹದಿನೈದು ದಿನ ಅಲೆಸಿ ಕೊನೆಗೆ ಕೊಟ್ಟರು. ನಮ್ಮ ಜೊತೆ ಡಿಪ್ಲೊಮಾ ಓದಿ, ಆಮೇಲೆ ಸಾಫ್ಟ್‌ವೇರ್ ಕಡೆ ಹೊರಳಿದ ಗೆಳೆಯನೊಬ್ಬನ ಮುಂದೆ ಅದನ್ನು ಹರಡಿದೆವು. ಬೆಳಿಗ್ಗೆ 7 ಗಂಟೆ 52 ನಿಮಿಷದ ಸಾಲಿನಲ್ಲಿ ಅವನ ಬೆರಳು ನಿಂತಿತು. ಅಲ್ಲಿ ಹೀಗಿತ್ತು:

#340#262#225#340#263#206#340#262#260#340#263#206

“ಇದೇ ನೋಡ್ರೋ ನಿಮ್ಮ ಕೆರೆ” ಎಂದ.

ಎರಡಕ್ಷರದ ಕೆರೆ ನಲವತ್ತೆಂಟು ಚಿಹ್ನೆಗಳಾಗಿ ಒಣಗಿ ಬಿದ್ದಿತ್ತು. ಸಾಕ್ಷಿ ನಮ್ಮ ಪರವಾಗಿಯೇ ಇತ್ತು. ಆದರೆ ಕನ್ನಡದಲ್ಲಿ ಹುಡುಕಿದವರ ಕೈಗೆ ಅದು ಸಿಗುವಂತಿರಲಿಲ್ಲ. ಕನ್ನಡದ ಅಕ್ಷರವನ್ನು ‘ಅಚ್ಚಾಗದ ಅಕ್ಷರ’ ಎಂದು ತೀರ್ಮಾನಿಸಿದವರು ಯಾರು, ಯಾವಾಗ, ಯಾಕೆ? ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಸುದ್ದಿ ಕಳಿಸುವವರ ಕಥೆಯೂ ಇದರಲ್ಲಿ ಸೇರಿಕೊಂಡಿದೆ.

ಲಾಗ್ ಎಂದರೆ ಕಂಪ್ಯೂಟರಿನ ಸ್ಟೇಷನ್ ಡೈರಿ. ಠಾಣೆಯಲ್ಲಿ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಹೇಳಿದರು ಎಂದು ರೈಟರ್ ಬರೆದಿಡುವ ಹಾಗೆ ಯಂತ್ರವೂ ಬರೆದಿಡುತ್ತದೆ. ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು, ಆ ಅಳತೆ ಬರೆಯುವ ಪುಸ್ತಕಕ್ಕೆ ಮರದ ತುಂಡಿನ ಹೆಸರೇ ಅಂಟಿಕೊಂಡಿತು. ಕಂಪ್ಯೂಟರಿನಲ್ಲಿ ಈ ಡೈರಿಗೆ ಒಂದು ಕ್ರಮ ತಂದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಎರಿಕ್ ಆಲ್‌ಮನ್. 1980ರ ದಶಕದ ಆರಂಭದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದಾಗ ಅದರ ಆಗುಹೋಗು ದಾಖಲಿಸಲು ಅವನು ಸಿಸ್‌ಲಾಗ್ ಮಾಡಿಕೊಂಡ. ಅದು ಅನುಕೂಲವಾಗಿ ಕಂಡಿದ್ದರಿಂದ ಉಳಿದ ತಂತ್ರಾಂಶಗಳೂ ಅದರಲ್ಲೇ ಬರೆಯತೊಡಗಿದವು.

ಠಾಣೆಯ ಡೈರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ರೈಟರ್ ಕೇಳಿಸಿಕೊಂಡು ತನ್ನ ಕೈಯಲ್ಲಿ ಬರೆಯುತ್ತಾನೆ. ಯಂತ್ರಕ್ಕೆ ಆ ವಿವೇಚನೆ ಇಲ್ಲ, ಹೊರಗಿನವನು ಕೊಟ್ಟ ಬೈಟುಗಳನ್ನು ಕೊಟ್ಟ ಹಾಗೇ ಇಳಿಸುತ್ತದೆ. ಆ ಬೈಟುಗಳಲ್ಲಿ ಓದುವುದಕ್ಕೆಂದು ಹುಟ್ಟದ, ಯಂತ್ರಕ್ಕೆ ಅಪ್ಪಣೆ ಕೊಡುವುದಕ್ಕೆಂದೇ ಹುಟ್ಟಿದ ಕೆಲವು ಅಕ್ಷರಗಳಿವೆ. ತಕರಾರು ಶುರುವಾಗುವುದು ಅಲ್ಲಿಂದ.

ಅವು ಹುಟ್ಟಿದ್ದು ತಂತಿಯ ಕಾಲದಲ್ಲಿ. ಫ್ರಾನ್ಸಿನ ಎಮಿಲ್ ಬೋಡೊ 1874ರಲ್ಲಿ ಐದು ಮಿಡಿತಗಳ ಸಂಕೇತಕ್ಕೆ ಪೇಟೆಂಟ್ ಪಡೆದ. ಅದನ್ನು ಟೈಪ್‌ರೈಟರಿನ ಕೀಲಿಮಣೆಗೂ ತೂತು ಹೊಡೆದ ಕಾಗದದ ಪಟ್ಟಿಗೂ ಒಗ್ಗಿಸಿದವನು ಡೊನಾಲ್ಡ್ ಮರ್ರಿ ಎಂಬ ನ್ಯೂಜಿಲೆಂಡಿನವನು. ಅವನು ಪತ್ರಿಕೆಯಲ್ಲಿ ದುಡಿದವನು ಎಂದು ಓದಿದಾಗ ನಮಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. 1901ರ ಸುಮಾರಿಗೆ ಬಂದ ಅವನ ಸಂಕೇತದಲ್ಲಿ ಅಕ್ಷರ ಮೂಡಿಸದ, ಯಂತ್ರವನ್ನು ಮಾತ್ರ ಆಡಿಸುವ ಗುರುತುಗಳಿದ್ದವು. ಗಾಡಿಯನ್ನು ಸಾಲಿನ ಮೊದಲಿಗೆ ತಳ್ಳು, ಅದು ಕ್ಯಾರೇಜ್ ರಿಟರ್ನ್. ಕಾಗದವನ್ನು ಒಂದು ಸಾಲು ಮೇಲಕ್ಕೆ ಎಳೆ, ಅದು ಲೈನ್ ಫೀಡ್.

ಟೆಲಿಪ್ರಿಂಟರ್ ಬಳಕೆಗೆ ಬರುವ ಹೊತ್ತಿಗೆ ಇನ್ನೆರಡು ಸೇರಿಕೊಂಡಿದ್ದವು. ಒಂದು ಗಂಟೆ. ಸುದ್ದಿ ಸಂಸ್ಥೆಗಳು ದೊಡ್ಡ ಸುದ್ದಿಯ ಮುಂದೆ ಈ ಗುರುತನ್ನು ಸಾಲಾಗಿ ಕಳಿಸುತ್ತಿದ್ದವು. ಮೂಲೆಯಲ್ಲಿ ಕಟಕಟ ಅನ್ನುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಗಂಟೆ ಹೊಡೆದರೆ ಉಪಸಂಪಾದಕರು ಚಹಾ ಬಿಟ್ಟು ಎದ್ದು ಓಡಬೇಕು. ಪಿಟಿಐ ಇಂಗ್ಲಿಷಿನಲ್ಲಿ ಕಕ್ಕಿದ್ದನ್ನು ಹರಿದು, ಕನ್ನಡಕ್ಕೆ ತಿರುಗಿಸಿ ಮೊಳೆ ಜೋಡಿಸುವವರ ಕೈಗೆ ಕೊಡುತ್ತಿದ್ದ ತಲೆಮಾರಿನವರು ಈಗಲೂ ಆ ಗಂಟೆಯ ಮಾತು ಎತ್ತುತ್ತಾರೆ. ಇನ್ನೊಂದು ಗುರುತು ‘ಯಾರು ನೀನು?’ ಇದನ್ನು ಕಳಿಸಿದರೆ ಆಚೆ ತುದಿಯ ಯಂತ್ರ, ಯಾರೂ ಮುಟ್ಟದಿದ್ದರೂ, ತನ್ನ ಹೆಸರನ್ನು ತಾನೇ ಹೊಡೆದು ಕಳಿಸುತ್ತಿತ್ತು. ಬಾಗಿಲು ಬೀಗ ಹಾಕಿದ ಕಚೇರಿಯಲ್ಲೂ ಸರಿಯಾದ ಯಂತ್ರಕ್ಕೇ ಸುದ್ದಿ ಮುಟ್ಟಿತೆಂದು ಖಾತ್ರಿ ಮಾಡಿಕೊಳ್ಳುವ ಉಪಾಯ ಅದು. ಹೊರಗಿನಿಂದ ಬಂದ ಒಂದೇ ಒಂದು ಅಕ್ಷರ ಒಳಗಿನ ಯಂತ್ರದ ಬಾಯಿ ಬಿಡಿಸುತ್ತಿತ್ತು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1963ರಲ್ಲಿ ಅಮೆರಿಕದವರು ಆಸ್ಕಿ ಎಂಬ ಏಳು ಬಿಟ್‌ಗಳ ಪಟ್ಟಿ ಪ್ರಕಟಿಸಿದರು. ಒಟ್ಟು 128 ಸ್ಥಾನ. ಅದರಲ್ಲಿ 0ರಿಂದ 31ರವರೆಗೆ, ಮತ್ತೆ ಕೊನೆಯ 127, ಹೀಗೆ 33 ಸ್ಥಾನಗಳು ನಿಯಂತ್ರಣಕ್ಕೆ. ‘ಯಾರು ನೀನು?’ 5ಕ್ಕೆ ಬಂತು, ಗಂಟೆ 7ಕ್ಕೆ, ಒಂದು ಹೆಜ್ಜೆ ಹಿಂದೆ ಸರಿಯುವುದು 8ಕ್ಕೆ, ಹೊಸ ಸಾಲು 10ಕ್ಕೆ, ಗಾಡಿ ವಾಪಸು 13ಕ್ಕೆ. ಕೊನೆಯ 127ರ ಕಥೆ ನಮಗೆ ಬಹಳ ಹಿಡಿಸಿತು. ಕಾಗದದ ಪಟ್ಟಿಯಲ್ಲಿ ಒಮ್ಮೆ ಹೊಡೆದ ತೂತನ್ನು ಮುಚ್ಚಲು ಬರುವುದಿಲ್ಲ. ತಪ್ಪು ಹೊಡೆದರೆ ಏನು ಮಾಡುವುದು? ಏಳು ಜಾಗಕ್ಕೂ ತೂತು ಹೊಡೆದುಬಿಡುವುದು. ಎಲ್ಲ ತೂತೂ ಇದ್ದರೆ ‘ಇಲ್ಲಿದ್ದದ್ದು ರದ್ದು, ಮುಂದೆ ಹೋಗು’ ಎಂದರ್ಥ. ಏಳು ಒಂದುಗಳು ಸೇರಿದರೆ 127. ಒಂದೂ ತೂತಿಲ್ಲದ ಖಾಲಿ ಪಟ್ಟಿ ಸೊನ್ನೆ. ಅಲ್ಲಿ ಅಳಿಸುವುದೆಂದರೆ ಇನ್ನಷ್ಟು ತೂತು ಹೊಡೆಯುವುದು, ಅಳಿಸಿದ್ದಾರೆ ಎಂಬ ಗುರುತು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಗಾಡಿ ವಾಪಸು ಮತ್ತು ಹೊಸ ಸಾಲು ಎರಡೂ ಬೇರೆ ಬೇರೆ ಯಾಕೆಂದರೆ ಟೆಲಿಟೈಪ್ ಯಂತ್ರದ ಗಾಡಿ ಬಲತುದಿಯಿಂದ ಎಡಕ್ಕೆ ಬರಲು ಒಂದು ಅಕ್ಷರದ ಹೊತ್ತಿಗಿಂತ ಹೆಚ್ಚು ಸಮಯ ಬೇಕಿತ್ತು. ಮೊದಲು ಗಾಡಿ ಕಳಿಸಿ, ಅದು ಬರುವಷ್ಟರಲ್ಲಿ ಕಾಗದ ಎಳೆದರೆ ಲೆಕ್ಕ ಸರಿಹೋಗುತ್ತಿತ್ತು. ಯಂತ್ರ ಗುಜರಿಗೆ ಹೋಯಿತು, ಜೋಡಿ ಗುರುತು ಉಳಿಯಿತು. ವಿಂಡೋಸ್ ಇಂದಿಗೂ ಎರಡನ್ನೂ ಹಾಕುತ್ತದೆ, ಯೂನಿಕ್ಸ್ ವಂಶದವು ಹೊಸ ಸಾಲನ್ನು ಮಾತ್ರ ಹಾಕುತ್ತವೆ. ಎರಡು ಮನೆಯ ಕಡತ ಒಂದಾದಾಗ ಸಾಲಿನ ಕೊನೆಯಲ್ಲಿ ^ಎಂ ಎಂಬ ವಿಚಿತ್ರ ಬಾಲ ಕಾಣುವುದು ಇದರಿಂದಲೇ. ಇಂಗ್ಲಿಷ್ ವರ್ಣಮಾಲೆಯಲ್ಲಿ ಎಂ 13ನೆಯದು, ಗಾಡಿ ವಾಪಸಿನ ಸಂಖ್ಯೆಯೂ 13.

ಪಟ್ಟಿಯ 27ನೆಯದು ಎಸ್ಕೇಪ್. ಇದಕ್ಕಾಗಿ ವಾದಿಸಿದವನು ಬಾಬ್ ಬೀಮರ್. ‘ಇದರ ಮುಂದೆ ಬರುವುದನ್ನು ಅಕ್ಷರ ಎಂದು ತಿಳಿಯಬೇಡ, ಬೇರೆ ಅರ್ಥ ಮಾಡಿಕೋ’ ಎನ್ನುವ ಗುರುತು. ಪರದೆಯ ಟರ್ಮಿನಲ್‌ಗಳು ಬಂದ ಮೇಲೆ ಇದಕ್ಕೆ ಬಲ ಬಂತು. 1978ರ ವಿಟಿ100 ಟರ್ಮಿನಲ್ಲಿಗೆ ಎಸ್ಕೇಪ್, ಒಂದು ಚೌಕ ಕಂಸ, 2, ಜೆ ಎಂದು ಕಳಿಸಿದರೆ ಇಡೀ ಪರದೆ ಖಾಲಿ. ಬೇರೆ ಸಂಖ್ಯೆ ಕಳಿಸಿದರೆ ಗೆರೆ ಹೊಳೆಯುತ್ತದೆ, ತಲೆಕೆಳಗಾದ ಬಣ್ಣ ಬರುತ್ತದೆ, ಮೇಲಿನ ಸಾಲಿಗೆ ಹೋಗಿ ಹಳೆಯದರ ಮೇಲೆ ಬರೆಯಬಹುದು. ಸಂಖ್ಯೆ 5 ಕಳಿಸಿದರೆ ಟೆಲಿಪ್ರಿಂಟರಿನ ಹಾಗೇ ತನ್ನ ಉತ್ತರವನ್ನೂ ಒಪ್ಪಿಸುತ್ತಿತ್ತು. ಇವತ್ತು ನಮ್ಮ ಲ್ಯಾಪ್‌ಟಾಪಿನ ಕಪ್ಪು ಕಿಟಕಿ ಮಾಡುವುದು ಹೆಚ್ಚುಕಡಿಮೆ ಆ ವಿಟಿ100ರ ವೇಷವನ್ನೇ.

ಈಗ ಎರಡನ್ನೂ ಸೇರಿಸಿ ನೋಡಿ. ಹೊರಗಿನವನು ಕೊಟ್ಟದ್ದನ್ನು ಹಾಗೇ ಬರೆದುಕೊಳ್ಳುವ ಡೈರಿ, ಓದುವಾಗ ಅಪ್ಪಣೆ ಪಾಲಿಸುವ ಪರದೆ. ದೂರು ಕೊಡಲು ಬಂದವನು ತನ್ನ ಹೆಸರು ‘ರಾಮಪ್ಪ’ ಎಂದು ಹೇಳಿ, ಉಸಿರು ಬಿಡದೆ ‘ಹೊಸ ಸಾಲು, ಸಂಜೆ ಆರಕ್ಕೆ ಸಾಹೇಬರು ಬಂದು ಆರೋಪಿಯನ್ನು ಬಿಡಿಸಿದರು’ ಎಂದರೆ, ರೈಟರ್ ಅದನ್ನು ನಿಜಕ್ಕೂ ಹೊಸ ಸಾಲಿನಲ್ಲಿ ಬರೆದುಕೊಂಡರೆ ಹೇಗಿರುತ್ತದೆ? ಮುಂದೆ ಓದುವವನಿಗೆ ಅದು ರಾಮಪ್ಪನ ಮಾತಲ್ಲ, ಠಾಣೆಯ ದಾಖಲೆ. ಲಾಗಿನ್ ಹೆಸರಿನೊಳಗೆ ಒಂದು ಹೊಸ ಸಾಲಿನ ಅಕ್ಷರ ತುರುಕಿದರೆ ಲಾಗ್ ಕಡತದಲ್ಲಿ ಆಗುವುದು ಇದೇ. ಗಾಡಿ ವಾಪಸು ತುರುಕಿದರೆ ಇನ್ನೂ ನಾಜೂಕು: ಸಾಲು ಕಡತದಲ್ಲಿ ಪೂರ್ತಿ ಇರುತ್ತದೆ, ಪರದೆಯ ಮೇಲೆ ಮಾತ್ರ ಮೊದಲರ್ಧದ ಮೇಲೆ ಎರಡನೆಯ ಅರ್ಧ ಬರೆದುಕೊಂಡು ಮೊದಲಿನದು ಮಾಯವಾಗುತ್ತದೆ.

2003ರಲ್ಲಿ ಎಚ್. ಡಿ. ಮೂರ್ ಎಂಬ ಸಂಶೋಧಕ ಟರ್ಮಿನಲ್‌ಗಳ ಈ ದೌರ್ಬಲ್ಯಗಳನ್ನು ಒಟ್ಟುಮಾಡಿ ಪ್ರಕಟಿಸಿದ. ವೆಬ್ ಸರ್ವರಿಗೆ ಎಸ್ಕೇಪ್ ಇರುವ ಒಂದು ವಿಳಾಸ ಕೇಳಿದರೆ ಅದು ಲಾಗ್‌ನಲ್ಲಿ ಕೂತು ಕಾಯುತ್ತದೆ. ಮರುದಿನ ನಿರ್ವಾಹಕ ಬಂದು ಕಡತ ತೆರೆದಾಗ ಅವನ ಪರದೆ ಅಪ್ಪಣೆ ಪಾಲಿಸುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಕಿಟಕಿಯ ಶೀರ್ಷಿಕೆ ಬದಲಿಸಿ, ಆ ಶೀರ್ಷಿಕೆಯನ್ನು ವಾಪಸು ಒಪ್ಪಿಸು ಎಂದು ಕೇಳಬಹುದಿತ್ತು. ಒಪ್ಪಿಸಿದ್ದು ನಿರ್ವಾಹಕನೇ ಕೀಲಿಮಣೆಯಲ್ಲಿ ಒತ್ತಿದಂತೆ ಬಂದು ಬೀಳುತ್ತಿತ್ತು. ಟೆಲಿಪ್ರಿಂಟರಿನ ‘ಯಾರು ನೀನು?’ ಎಪ್ಪತ್ತು ವರ್ಷದ ಮೇಲೆ ಕಳ್ಳನ ಕೈಗೆ ಸಿಕ್ಕಿತ್ತು. ಅಪಾಚೆ ವೆಬ್ ಸರ್ವರ್ ತನ್ನ ದೋಷದ ಲಾಗಿನಲ್ಲಿ ಇಂಥವನ್ನು ಸೋಸಲು ಶುರುಮಾಡಿದ್ದು 2004ರಲ್ಲಿ. 2010ರಲ್ಲಿ ರೂಬಿಯ ವೆಬ್ರಿಕ್ ಸೇರಿ ಹಲವು ಸರ್ವರುಗಳಲ್ಲಿ ಅದೇ ಹುಳುಕು ಕಂಡಿತು. 2021ರಲ್ಲಿ ಕುಬರ್ನೆಟೀಸ್‌ನ ಕ್ಯೂಬ್‌ಸಿಟಿಎಲ್ ಮೇಲೂ ಅದೇ ದೂರು ದಾಖಲಾಯಿತು. ಪ್ರತಿ ತಲೆಮಾರೂ ಅದೇ ಹೊಂಡಕ್ಕೆ ಹೊಸದಾಗಿ ಬೀಳುತ್ತಿರುವುದು ನೋಡಿದರೆ ನಮ್ಮೂರಿನ ರಸ್ತೆ ನೆನಪಾಗುತ್ತದೆ.

ಇದಕ್ಕೆ ಮದ್ದೇನು? ಕಾಣದ ಅಕ್ಷರವನ್ನು ಕಿತ್ತು ಎಸೆಯಬಹುದು. ಆದರೆ ಡೈರಿಯಲ್ಲಿ ಇದ್ದದ್ದನ್ನು ಕಿತ್ತರೆ ಅದು ಡೈರಿಯೇ ಅಲ್ಲ, ಯಾರೋ ಏನೋ ಮಾಡಲು ನೋಡಿದರು ಎಂಬ ಸುಳಿವೂ ಹೋಗುತ್ತದೆ. ಎಲ್ಲದಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು, ಆಗಲೂ ಏನಿತ್ತೆಂದು ಗೊತ್ತಾಗುವುದಿಲ್ಲ. ಉಳಿದದ್ದು ಅದನ್ನು ಪಾಲಿಸದೆ, ಅಳಿಸದೆ, ಕಾಣುವ ಗುರುತಾಗಿ ಬರೆಯುವುದು. ಗಂಟೆ ಬಂದರೆ ಗಂಟೆ ಹೊಡೆಯಬೇಡ, ‘ಗಂಟೆ’ ಎಂದು ಬರೆ. ನಾವು ರಾಜಕಾರಣಿಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವ ಹಾಗೆ. ಬರ್ಕ್ಲಿಯವರು ^ ಗುರುತು ಬಳಸಿದರು. ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಹಾನ್ ಮತ್ತು ರಾಬ್ ಪೈಕ್ 1984ರ ತಮ್ಮ ಯೂನಿಕ್ಸ್ ಪುಸ್ತಕದಲ್ಲಿ ಇದಕ್ಕೆಂದೇ ‘ವಿಸ್’ ಎಂಬ ಪುಟ್ಟ ತಂತ್ರಾಂಶವನ್ನು ಹಂತಹಂತವಾಗಿ ಬರೆದು ತೋರಿಸಿದ್ದಾರೆ. ಅದು ಎಂಟರ ಲೆಕ್ಕದ ಮೂರು ಅಂಕಿಗಳಲ್ಲಿ ಬರೆಯುತ್ತದೆ.

ಅದಕ್ಕೆ ಒಂದು ವರ್ಷ ಮೊದಲು ಪೈಕ್ ಇದೇ ವಿಷಯಕ್ಕೆ ಬರ್ಕ್ಲಿಯವರ ಮೇಲೆ ಜಗಳ ತೆಗೆದಿದ್ದ. ಕಡತವನ್ನು ಹಾಗೇ ಹರಿಸುವುದಷ್ಟೇ ‘ಕ್ಯಾಟ್’ ಎಂಬ ಆಜ್ಞೆಯ ಕೆಲಸ. ಬರ್ಕ್ಲಿಯವರು ಕಾಣದ ಅಕ್ಷರ ತೋರಿಸುವ ಕೆಲಸವನ್ನೂ ಅದಕ್ಕೇ ಅಂಟಿಸಿದ್ದರು. ಒಬ್ಬ ಆಳಿಗೆ ಒಂದೇ ಕೆಲಸ ಇರಲಿ, ತೋರಿಸುವುದಕ್ಕೆ ಬೇರೆ ಆಳು ಇಡಿ ಎಂಬುದು ಪೈಕ್ ವಾದ. ಬಳಸುವವರು ಕೇಳಲಿಲ್ಲ, ಆ ಆಯ್ಕೆ ಇಂದಿಗೂ ಕ್ಯಾಟ್‌ನಲ್ಲೇ ಇದೆ. ಇಂಥ ಜಗಳಗಳಲ್ಲಿ ಸರಿಯಾಗಿ ವಾದಿಸಿದವರು ಗೆಲ್ಲುವುದು ಕಡಿಮೆ.

ಇಲ್ಲಿಯವರೆಗೆ ನಮಗೂ ತಕರಾರಿಲ್ಲ. ಆಸ್ಕಿಯ 33 ಅಕ್ಷರಗಳನ್ನು ಕಟ್ಟಿಹಾಕಲೇಬೇಕು. ಕನ್ನಡ ಎಲ್ಲಿ ಸಿಕ್ಕಿಬಿತ್ತು?

ಆಸ್ಕಿ ಏಳು ಬಿಟ್, ಕಂಪ್ಯೂಟರಿನ ಬೈಟು ಎಂಟು ಬಿಟ್. ಎಂಟನೆಯದಕ್ಕೆ ಅಮೆರಿಕದವರಿಗೆ ಅಕ್ಷರದ ಕೆಲಸ ಇರಲಿಲ್ಲ. ತಂತಿಯಲ್ಲಿ ತಪ್ಪಾಯಿತೇ ಎಂದು ತಾಳೆ ನೋಡಲು ಅದನ್ನು ಬಳಸುತ್ತಿದ್ದರು. ಹಾಗಾಗಿ ಬರ್ಕ್ಲಿಯ ಹಳೆಯ ಸಿಸ್‌ಲಾಗ್ ಬಂದ ಪ್ರತಿ ಬೈಟಿನ ಎಂಟನೆಯ ಬಿಟ್ಟನ್ನು ಮೊದಲು ಕತ್ತರಿಸಿ ಆಮೇಲೆ ನೋಡುತ್ತಿತ್ತು. ಇನ್ನೊಂದು ಕಡೆ, ಎಂಟು ಬಿಟ್ ಬಳಸುವ ಯಂತ್ರಗಳಿಗೆಂದು 128ರಿಂದ 159ರವರೆಗಿನ 32 ಸ್ಥಾನಗಳನ್ನು ಎರಡನೆಯ ಕಂತಿನ ನಿಯಂತ್ರಣ ಅಕ್ಷರಗಳಿಗೆ ಮೀಸಲಿಟ್ಟರು. ಅಂದರೆ ಲಾಗ್ ಬರೆಯುವವರ ಕಣ್ಣಿಗೆ ಮೇಲಿನ ಅರ್ಧದಲ್ಲೂ ಒಂದು ಅಪಾಯದ ಕೇರಿ ಹುಟ್ಟಿತು. ನಮ್ಮ ದೇಶದ ಇಸ್ಕಿ ಮಾನಕ (1991) ಇದನ್ನು ತಿಳಿದೇ ಭಾರತೀಯ ಅಕ್ಷರಗಳನ್ನು 161ರಿಂದ ಮೇಲೆ ಇಟ್ಟಿತು, ಆ ಕೇರಿಗೆ ಕಾಲಿಡಲಿಲ್ಲ.

ಯೂನಿಕೋಡ್ ದಾರಿ ಬೇರೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಮನೆ ಸಿಕ್ಕಿತು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಮ್ಸನ್, ಅವನ ಜೊತೆ ಅದೇ ರಾಬ್ ಪೈಕ್, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ಮೇಜಿನ ಹಾಸುಕಾಗದದ ಮೇಲೆ ಯುಟಿಎಫ್-8 ಎಂಬ ಹಂಚಿಕೆಯನ್ನು ಗೀಚಿದರು. ಅದರ ಪ್ರಕಾರ ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಬೈಟು. ಮೂರರಲ್ಲೂ ಎಂಟನೆಯ ಬಿಟ್ ಇದ್ದೇ ಇರುತ್ತದೆ. ಮೊದಲೆರಡು ಬೈಟು ಮನೆತನದ ಹೆಸರಿದ್ದ ಹಾಗೆ, ಕೊನೆಯದೇ ಅಕ್ಷರವನ್ನು ಬೇರೆ ಮಾಡುವುದು.

ಗೆಳೆಯ ಕಾಗದ ತೆಗೆದುಕೊಂಡು ವರ್ಣಮಾಲೆ ಬರೆಯುತ್ತ ಹೋದ. ‘ಅ’ದ ಕೊನೆಯ ಬೈಟು 133. ಎಂಟನೆಯ ಬಿಟ್, ಅಂದರೆ 128, ಕತ್ತರಿಸಿದರೆ 5. ‘ಯಾರು ನೀನು?’ ‘ಇ’ 135, ಕತ್ತರಿಸಿದರೆ 7, ಗಂಟೆ. ‘ಈ’ 8, ಒಂದು ಹೆಜ್ಜೆ ಹಿಂದೆ. ‘ಉ’ 9, ಟ್ಯಾಬ್. ‘ಊ’ 10, ಹೊಸ ಸಾಲು. ಅರ್ಧಾಕ್ಷರ ಮಾಡುವ ಹಲಂತ 13, ಗಾಡಿ ವಾಪಸು. ‘ಛ’ 155, ಕತ್ತರಿಸಿದರೆ 27, ಎಸ್ಕೇಪ್! ಕತ್ತರಿಸದಿದ್ದರೂ 155 ಎಂಬುದು ಎಂಟು ಬಿಟ್ಟಿನ ಹಳೆಯ ಟರ್ಮಿನಲ್‌ಗಳಲ್ಲಿ ಎಸ್ಕೇಪ್ ಮತ್ತು ಚೌಕ ಕಂಸ ಎರಡಕ್ಕೂ ಸಮ. ನಮ್ಮ ವರ್ಣಮಾಲೆಯಲ್ಲಿ ‘ಅ’ದಿಂದ ‘ಟ’ವರೆಗಿನ ಎಲ್ಲ ಅಕ್ಷರಗಳ ಕೊನೆಯ ಬೈಟೂ ಆ ಮೀಸಲು ಕೇರಿಯೊಳಗೇ ಬೀಳುತ್ತದೆ. ‘ಠ’ದಿಂದ ಆಚೆಗಿನ ವ್ಯಂಜನಗಳು ತಪ್ಪಿಸಿಕೊಂಡಿವೆ. ಇದು ಯಾರ ಸಂಚೂ ಅಲ್ಲ, ಅಕಸ್ಮಾತ್ ಕೂಡಿಬಂದ ಲೆಕ್ಕ. ಆದರೆ ಬೈಟನ್ನು ಒಂದೊಂದಾಗಿ ನೋಡುವ ಲಾಗ್ ತಂತ್ರಾಂಶದ ಮುಂದೆ ‘ಊರು’ ಎಂದು ಬರೆದ ಬಡಪಾಯಿಯೂ, ಸಾಲು ಮುರಿಯಲು ಬಂದ ಕಳ್ಳನೂ ಒಂದೇ ಥರ ಕಾಣುತ್ತಾರೆ.

ಆಮೇಲೆ ಬಂದ ನಿಯಮಗಳನ್ನು ಈ ಕಣ್ಣಿನಿಂದ ಓದಿದರೆ ಅರ್ಥವಾಗುತ್ತದೆ. 2001ರಲ್ಲಿ ಆರ್‌ಎಫ್‌ಸಿ 3164 ಅದುವರೆಗಿನ ಸಿಸ್‌ಲಾಗ್ ರೂಢಿಯನ್ನು ಬರಹಕ್ಕೆ ಇಳಿಸಿತು. ಕಾಣುವ ಅಕ್ಷರ ಎಂದರೆ ಅದರ ಪ್ರಕಾರ ಆಸ್ಕಿಯ 33ರಿಂದ 126, ಜೊತೆಗೆ ಖಾಲಿ ಜಾಗ. ಒಂದು ಸಂದೇಶ 1024 ಬೈಟು ಮೀರಬಾರದು. ಕನ್ನಡವನ್ನು ಹಾಗೇ ಬರೆದರೆ ಅಷ್ಟರಲ್ಲಿ 341 ಯೂನಿಕೋಡ್ ಅಕ್ಷರ ಹಿಡಿಸುತ್ತವೆ. ನಮ್ಮ ಕೆರೆಯ ಹಾಗೆ #340 ಎಂದು ಬಿಡಿಸಿ ಬರೆದರೆ ಒಂದಕ್ಕೆ ಹನ್ನೆರಡು ಚಿಹ್ನೆಯಾಗಿ 85ಕ್ಕೇ ಜಾಗ ಮುಗಿಯುತ್ತದೆ.

2009ರ ಆರ್‌ಎಫ್‌ಸಿ 5424 ಯುಟಿಎಫ್-8ಕ್ಕೆ ಬಾಗಿಲು ತೆರೆಯಿತು. ಅದರಲ್ಲೊಂದು ತಮಾಷೆ: ಸಂದೇಶ ಯುಟಿಎಫ್-8ರಲ್ಲಿದೆ ಎಂದು ಸಾರಲು ಅದರ ಮುಂದೆ ಮೂರು ಬೈಟಿನ ಒಂದು ಗುರುತು ಇರಬೇಕು, ಆ ಗುರುತೇ ಕಣ್ಣಿಗೆ ಕಾಣದ್ದು. ಕಾಣುವ ಕನ್ನಡಕ್ಕೆ ಕಾಣದ ಅಕ್ಷರದ ಜಾಮೀನು. ಈ ನಿಯಮ ಬರೆದ ಜರ್ಮನಿಯ ರೈನರ್ ಗೆರ್ಹಾರ್ಡ್ಸ್ ಅವರದೇ ಆರ್‌ಸಿಸ್‌ಲಾಗ್ ಇವತ್ತು ಬಹಳ ಲಿನಕ್ಸ್ ಯಂತ್ರಗಳಲ್ಲಿದೆ. ಅದರಲ್ಲಿ ನಿಯಂತ್ರಣ ಅಕ್ಷರಗಳನ್ನು # ಹಾಕಿ ಬರೆಯುವುದು ತಾನಾಗಿಯೇ ನಡೆಯುತ್ತದೆ, ಅದು ಸರಿ. ಎಂಟು ಬಿಟ್ಟಿನ ಎಲ್ಲವನ್ನೂ ಹಾಗೇ ಬರೆಯುವ ಇನ್ನೊಂದು ಆಯ್ಕೆ ಇದೆ. ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ. ಅದನ್ನು ತೆರೆದರೆ ಯೂನಿಕೋಡ್ ಕೆಡುತ್ತದೆ, ಏಷ್ಯಾದ ಭಾಷೆಗಳು ಓದಲು ಬರುವುದಿಲ್ಲ ಎಂದು ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಲಾಗ್ ಬಹುಪಾಲು ಇಂಗ್ಲಿಷಿನಲ್ಲೇ ಇದ್ದರೆ ಉಪಯೋಗವಾಗಬಹುದು ಎಂಬ ಮಾತೂ ಪಕ್ಕದಲ್ಲೇ ಇದೆ. ನಮ್ಮ ಸರ್ವರಿನಲ್ಲಿ ಯಾರೋ ಎಂದೋ ಅದನ್ನು ತೆರೆದಿಟ್ಟಿದ್ದರು. ಕನ್ನಡ ಪತ್ರಿಕೆಯ ಸರ್ವರಿನಲ್ಲಿ! ಫ್ರೀಬಿಎಸ್‌ಡಿಯಲ್ಲಿ ಇದು ತಿರುವುಮುರುವು: ಅಲ್ಲಿ ಮೇಲಿನ ಕೇರಿಯ ಬೈಟುಗಳನ್ನು ಬೇರೆ ಗುರುತಿಗೆ ತಿರುಗಿಸುವುದೇ ರೂಢಿ, ಮುಟ್ಟಬೇಡ ಎನ್ನಬೇಕಾದರೆ ಆಜ್ಞೆಗೆ -8 ಎಂದು ಸೇರಿಸಬೇಕು. 2011ರಲ್ಲಿ ಬಂದ ಸಿಸ್ಟಮ್‌ಡಿಯ ಜರ್ನಲ್ ಬೈಟುಗಳನ್ನು ಬಂದ ಹಾಗೇ ಇಟ್ಟುಕೊಂಡು ತೋರಿಸುವಾಗ ಮಾತ್ರ ತಡೆಯುತ್ತದೆ. ಸರಿಯಾದ ಯುಟಿಎಫ್-8 ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಸಂದೇಹ ಬಂದರೆ ಇಡೀ ಸಂದೇಶದ ಜಾಗದಲ್ಲಿ ಇಷ್ಟು ಬೈಟಿನ ‘ಬ್ಲಾಬ್’ ಎಂದು ಬರೆಯುತ್ತದೆ, ಬೇಕೆಂದವನು ಕೇಳಿ ಬಿಚ್ಚಿಸಿಕೊಳ್ಳಬಹುದು. ಇದುವರೆಗಿನ ಉಪಾಯಗಳಲ್ಲಿ ನಮಗೆ ಒಪ್ಪಿಗೆಯಾದದ್ದು ಇದು.

ಹಾಗಂತ ಕನ್ನಡದಲ್ಲಿ ಕಾಣದ ಅಕ್ಷರವೇ ಇಲ್ಲ ಎನ್ನುವಂತಿಲ್ಲ. ಈ ಬರಹದಲ್ಲಿ ‘ಸಿಸ್‌ಲಾಗ್’ ಎಂದು ಬರೆದ ಕಡೆಯೆಲ್ಲ ‘ಸ್’ ಮತ್ತು ‘ಲಾ’ ನಡುವೆ ಅಗಲವಿಲ್ಲದ ಒಂದು ಅಕ್ಷರ ಕೂತಿದೆ, ಒತ್ತಕ್ಷರ ಆಗದಂತೆ ತಡೆಯುವುದಕ್ಕೆ. ತೆಗೆದರೆ ‘ಸಿಸ್ಲಾಗ್’ ಆಗುತ್ತದೆ. ಇದರ ಜೋಡಿಯಾದ ಇನ್ನೊಂದು ಇಲ್ಲದಿದ್ದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಈ ಎರಡೂ ಕನ್ನಡಕ್ಕೆ ಬೇಕು. ಆದರೆ ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ಹಿಂದೆಯೂ ಇದನ್ನು ತಾವೇ ಅಂಟಿಸಿಬಿಡುತ್ತವೆ. ಆಗ ‘ಲಾಗ್’ ಎಂಬ ಹೆಸರಿನ ಎರಡು ಕಡತ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದರ ಹೆಸರಿನಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಇಲ್ಲಿ ಮಾತ್ರ #342#200#214 ಎಂದು ಬಿಡಿಸಿ ತೋರಿಸುವ ಆ ಹಳೆಯ ಒರಟು ರೀತಿಯೇ ಸತ್ಯ ಹೇಳುತ್ತದೆ ಎಂದು ನಾವು ಒಪ್ಪಬೇಕಾಯಿತು. 2021ರಲ್ಲಿ ಕೇಂಬ್ರಿಜ್‌ನ ಇಬ್ಬರು ಸಂಶೋಧಕರು, ಅರೇಬಿಕ್ ಮತ್ತು ಹೀಬ್ರೂ ಬರಹದ ದಿಕ್ಕು ತಿರುಗಿಸುವ ಕಾಣದ ಅಕ್ಷರಗಳಿಂದ ತಂತ್ರಾಂಶದ ಸಾಲುಗಳನ್ನೇ ಓದುವವನ ಕಣ್ಣಿಗೆ ಬೇರೆ ಕ್ರಮದಲ್ಲಿ ಕಾಣಿಸಬಹುದೆಂದು ತೋರಿಸಿದರು. ಅವನ್ನೂ ಕಿತ್ತುಹಾಕುವಂತಿಲ್ಲ, ಆ ಭಾಷೆಯವರಿಗೆ ಅವು ನಮ್ಮ ‘ರ‍್ಯಾಂಕ್’ ಇದ್ದ ಹಾಗೆ.

ನಮ್ಮ ಸಾಲನ್ನು ಬಿಡಿಸಿ, ಸಮಯದ ಸಮೇತ, ಎಡಗಡೆ ಅಂಕಿ ಬಲಗಡೆ ಕನ್ನಡ ಎಂದು ಎರಡು ಕಾಲಂ ಮಾಡಿ ಡೆಸ್ಕಿಗೆ ಕಳಿಸಿದೆವು. ಫೋಟೊ ಬಂದಿತ್ತು, ಹೆಸರು ಓದಲಾಗದೆ ಮುಂದಿನ ಹಂತದಲ್ಲಿ ಸಿಕ್ಕಿಕೊಂಡಿತ್ತು ಎಂದು ಒಪ್ಪಿಕೊಂಡರು. ಆ ತಿಂಗಳ ಲೆಕ್ಕದಲ್ಲಿ ಫೋಟೊದ ದುಡ್ಡು ಸೇರಿಸಿದರು. ಸರ್ವರ್ ಹುಡುಗ ಆ ಆಯ್ಕೆ ಮುಚ್ಚಿ, ಮರುದಿನದ ಲಾಗ್‌ನ ಒಂದು ಸಾಲನ್ನು ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕಿದ. ಅದರಲ್ಲಿ ‘ಊರಹಬ್ಬ’ ಎಂದು ಅಚ್ಚುಕಟ್ಟಾಗಿ, ಒಂದೇ ಸಾಲಿನಲ್ಲಿ ಇತ್ತು. ಕೆಳಗೆ ಅವನದೇ ಸೂಚನೆ: “ಇನ್ಮೇಲೆ ಫೈಲ್ ಹೆಸರು ಇಂಗ್ಲಿಷಲ್ಲೇ ಹಾಕಿ ಅಂತ ಮೇಲಿನವರು ಹೇಳಿದ್ದಾರೆ ಸಾರ್.”